ಕಾಲೇಜು ಫುಟ್ಬಾಲ್ ತಂಡ ಒಂದೇ ಹಂಗಾಮಿನೊಳಗೆ ತನ್ನ ತಪ್ಪುಗಳನ್ನು ತಗ್ಗಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ತಂಡದ ನಾಯಕ, ಧಾರವಾಡ

ಎಲ್ಲರಿಗೂ ನಮಸ್ಕಾರ. ಧಾರವಾಡದ ಪದವಿ ಕಾಲೇಜೊಂದರ ಫುಟ್ಬಾಲ್ ತಂಡಕ್ಕೆ ಈ ವರ್ಷ ನಾನು ನಾಯಕ. ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು ಬಹಳ ಕಾಳಜಿಯುಳ್ಳವರು. ಆದರೆ ಕಬಡ್ಡಿ, ಖೋ-ಖೋ, ವಾಲಿಬಾಲ್, ಅಥ್ಲೆಟಿಕ್ಸ್ ಎಲ್ಲವೂ ಅವರೊಬ್ಬರ ಹೆಗಲ ಮೇಲೆಯೇ ಇರುವುದರಿಂದ ಫುಟ್ಬಾಲ್ ಅಭ್ಯಾಸವನ್ನು ಹೆಚ್ಚಾಗಿ ನಾವೇ ನಡೆಸಿಕೊಳ್ಳುತ್ತೇವೆ. ನಾವು ಆಡುವ ಅಂತರ ಕಾಲೇಜು ಪಂದ್ಯಾವಳಿ ನಾಕೌಟ್ ಮಾದರಿಯದು. ಒಂದು ಪಂದ್ಯ ಸೋತರೆ ಆ ವರ್ಷದ ಆಟ ಅಲ್ಲಿಗೇ ಮುಗಿಯಿತು. ಆದ್ದರಿಂದ ಅದಕ್ಕೆ ಮೊದಲು ಹುಬ್ಬಳ್ಳಿ, ಧಾರವಾಡದ ಕ್ಲಬ್‌ಗಳೊಂದಿಗೆ ಆಡುವ ಸೌಹಾರ್ದ ಪಂದ್ಯಗಳಲ್ಲೇ ನಮ್ಮನ್ನು ನಾವು ತಿದ್ದಿಕೊಳ್ಳಬೇಕಾಗಿದೆ.

ಎದುರಾಳಿಗಳು ಚೆನ್ನಾಗಿ ಆಡಿ ಗೋಲು ಹೊಡೆದರೆ ಅದಕ್ಕೆ ದುಃಖವಿಲ್ಲ. ಆದರೆ ನಾವು ಬಿಟ್ಟುಕೊಡುತ್ತಿರುವ ಗೋಲುಗಳಲ್ಲಿ ಹೆಚ್ಚಿನವು ನಮ್ಮ ಕೈಯಾರೆ ಕೊಟ್ಟವು. ಗೋಲ್‌ಕೀಪರ್ ಬಲಬದಿಯ ಡಿಫೆಂಡರ್‌ಗೆ ಕೊಟ್ಟ ಚೆಂಡು ಕೆಸರಿನಲ್ಲಿ ನಿಂತುಬಿಡುತ್ತದೆ. ಬಾಕ್ಸ್‌ನ (ಗೋಲಿನ ಮುಂದಿನ ದೊಡ್ಡ ಚೌಕದ) ಅಂಚಿನಲ್ಲಿ ಬೇಡದ ಕಡೆ ಕಾಲು ಹಾಕಿ ಫ್ರೀ ಕಿಕ್ ಕೊಡುತ್ತೇವೆ. ಥ್ರೋ-ಇನ್ ತಪ್ಪಾಗಿ ಎಸೆದು ಚೆಂಡನ್ನು ಎದುರಾಳಿಗೆ ಒಪ್ಪಿಸುತ್ತೇವೆ. ಕಾರ್ನರ್ ಬಂದಾಗ ಯಾರು ಯಾರನ್ನು ಹಿಡಿಯಬೇಕೆಂಬುದು ಚೆಂಡು ಗಾಳಿಯಲ್ಲಿರುವಾಗಲೂ ತೀರ್ಮಾನವಾಗಿರುವುದಿಲ್ಲ.

ಪಂದ್ಯ ಮುಗಿದ ಮೇಲೆ ಎಲ್ಲರೂ ಕೂತು ತಪ್ಪುಗಳ ಪಟ್ಟಿ ಮಾಡುವುದು ನಮ್ಮ ತಂಡದಲ್ಲಿ ಹಿಂದಿನಿಂದ ಬಂದ ರೂಢಿ. ಆ ಪಟ್ಟಿ ಉದ್ದವಾಗುತ್ತಿದೆಯೇ ಹೊರತು ತಪ್ಪು ಕಡಿಮೆಯಾಗುತ್ತಿಲ್ಲ. ಈಗೀಗ ಹುಡುಗರು ಹೆದರಿ, ಚೆಂಡು ಕಾಲಿಗೆ ಬಂದ ಕೂಡಲೇ ತಲೆ ಎತ್ತದೆ ಜೋರಾಗಿ ಒದ್ದುಬಿಡುತ್ತಾರೆ. ತಪ್ಪನ್ನು ಅಳೆಯುವುದು ಹೇಗೆ, ಎಲ್ಲಿಂದ ತಿದ್ದಲು ಆರಂಭಿಸಬೇಕು, ತಿದ್ದುವಾಗ ಹುಡುಗರ ಧೈರ್ಯ ಕುಗ್ಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದನ್ನು ಅನುಭವಸ್ಥರು ತಿಳಿಸಿಕೊಡಬೇಕೆಂದು ವಿನಂತಿ.

ಉತ್ತರ: ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕ, ಹುಬ್ಬಳ್ಳಿ

ನಾಯಕರಿಗೆ ನಮಸ್ಕಾರ. ಎಲ್ಲ ತಪ್ಪುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎಂಬುದು ನನ್ನ ಮೊದಲ ಮಾತು. ಎದುರಾಳಿಯ ಬಾಕ್ಸ್ ಹತ್ತಿರ ಒಬ್ಬ ಹುಡುಗ ಇಬ್ಬರನ್ನು ದಾಟಲು ಹೋಗಿ ಚೆಂಡು ಕಳೆದುಕೊಂಡರೆ, ಹಿಂದೆ ನಿಮ್ಮವರು ಏಳೆಂಟು ಜನ ಇರುತ್ತಾರೆ. ಅದನ್ನು ನಾನು ತಪ್ಪೆಂದು ಬರೆದುಕೊಳ್ಳುವುದೇ ಇಲ್ಲ, ಅವನು ಕಳೆದುಕೊಂಡ ಮೇಲೆ ಬೆನ್ನಟ್ಟದೆ ಸೊಂಟದ ಮೇಲೆ ಕೈ ಇಟ್ಟು ನಿಂತರೆ ಮಾತ್ರ ಬರೆದುಕೊಳ್ಳುತ್ತೇನೆ. ಅದೇ ಚೆಂಡು ನಿಮ್ಮ ಗೋಲಿನ ಮುಂದೆ ಹೋದರೆ ಉಳಿದಿರುವುದು ಗೋಲ್‌ಕೀಪರ್ ಒಬ್ಬನೇ. ಎರಡನ್ನೂ ಒಂದೇ ಪಟ್ಟಿಯಲ್ಲಿ ಒಂದರ ಕೆಳಗೊಂದು ಬರೆದು ಓದಿದರೆ, ಮುಂದೆ ಆಡುವವನು ಸಾಹಸ ಮಾಡುವುದನ್ನು ಬಿಡುತ್ತಾನೆ, ಹಿಂದೆ ಆಡುವವನಿಗೆ ತನ್ನ ತಪ್ಪಿನ ಬೆಲೆ ಎಷ್ಟೆಂಬುದು ಗೊತ್ತಾಗುವುದಿಲ್ಲ.

ಅಳೆಯುವುದಕ್ಕೆ ಒಂದು ಹಾಳೆ ಸಾಕು. ಮೈದಾನದ ಚಿತ್ರ ಬರೆದು ಅಡ್ಡಲಾಗಿ ಮೂರು ಪಾಲು ಮಾಡಿ. ಬೆಂಚಿನಲ್ಲಿ ಕೂತ ಆಟಗಾರನ ಕೈಗೆ ಪೆನ್ನು ಕೊಟ್ಟು, ಚೆಂಡು ಎಲ್ಲಿ ಹೋಯಿತೋ ಅಲ್ಲಿ ಗುರುತು ಹಾಕಿ ಪಕ್ಕದಲ್ಲಿ ನಿಮಿಷ ಬರೆಯಲು ಹೇಳಿ. ಆ ತಪ್ಪಿನಿಂದ ಎದುರಾಳಿಗೆ ಗೋಲಿನತ್ತ ಹೊಡೆಯುವ ಅವಕಾಶ ಸಿಕ್ಕಿದ್ದರೆ ಗುರುತಿನ ಸುತ್ತ ವೃತ್ತ ಎಳೆಯಲಿ. ಗುರುತಿನ ಮುಂದೆ ಹೆಸರನ್ನು ಮಾತ್ರ ಎಂದಿಗೂ ಬರೆಯಬಾರದು, ಜಾಗವನ್ನಷ್ಟೇ ಬರೆಯಬೇಕು. ಇದನ್ನು ಕೇವಲ ಹುಡುಗರ ಮನಸ್ಸು ನೋಯದಿರಲಿ ಎಂದು ಹೇಳುತ್ತಿಲ್ಲ. ಚೆಂಡು ಯಾರ ಕಾಲಿನಿಂದ ಹೋಯಿತೋ ತಪ್ಪು ಅವನದೇ ಆಗಿರಬೇಕೆಂದೇನೂ ಇಲ್ಲ ಎಂಬುದು ಹೆಸರು ಬಿಟ್ಟಾಗಲೇ ಕಾಣಿಸುತ್ತದೆ.

ನಿಮ್ಮ ಬಲಬದಿಯ ಡಿಫೆಂಡರ್‌ನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಗೋಲ್‌ಕೀಪರ್ ಚೆಂಡು ಕೊಡುವ ಹೊತ್ತಿಗೆ ಈ ಹುಡುಗ ಬಹುಶಃ ತನ್ನ ಗೋಲಿನ ಕಡೆ ಮುಖ ಮಾಡಿ, ಎರಡೂ ಪಾದಗಳನ್ನು ಒಂದೇ ಸಾಲಿನಲ್ಲಿಟ್ಟು ನಿಂತಿರುತ್ತಾನೆ. ಮೈದಾನ ಅವನ ಬೆನ್ನ ಹಿಂದಿದೆ, ಬೆನ್ನಟ್ಟಿ ಬರುವವನು ಅವನಿಗೆ ಕಾಣುವುದಿಲ್ಲ. ಚೆಂಡನ್ನು ಅಂಗಾಲಿನಡಿ ನಿಲ್ಲಿಸಿ ತಿರುಗುವಷ್ಟರಲ್ಲಿ ಅದು ಹೋಗಿಬಿಡುತ್ತದೆ. ಇದೇ ಹುಡುಗ ಬೆನ್ನನ್ನು ಅಂಚಿನ ಗೆರೆಯ ಕಡೆ ಮಾಡಿ ಓರೆಯಾಗಿ ನಿಂತು, ಚೆಂಡು ಬರುವ ಮುನ್ನ ಒಮ್ಮೆ ಹೆಗಲ ಮೇಲಿಂದ ನೋಡಿಕೊಂಡು, ದೂರದ ಕಾಲಿನ ಒಳಭಾಗದಿಂದ ಚೆಂಡನ್ನು ತೆಗೆದುಕೊಂಡರೆ ಮೊದಲ ಸ್ಪರ್ಶದಲ್ಲೇ ಮುಂದಕ್ಕೆ ತಿರುಗಿರುತ್ತಾನೆ. ಇದು ಅವನು ಕಲಿಯಬೇಕಾದದ್ದು. ಆದರೆ ಆ ಹೊತ್ತಿನಲ್ಲಿ ಮಿಡ್‌ಫೀಲ್ಡರ್ ಎಲ್ಲಿದ್ದ? ಎದುರಾಳಿಯ ಹಿಂದೆ ಅವಿತು ನಿಂತಿದ್ದರೆ ಈ ಹುಡುಗ ಎಷ್ಟೇ ಚೆನ್ನಾಗಿ ತಿರುಗಿದರೂ ಪಾಸ್ ಕೊಡಲು ಯಾರೂ ಸಿಗುವುದಿಲ್ಲ. ಪಕ್ಕದ ಸೆಂಟರ್ ಬ್ಯಾಕ್ "ಹಿಂದ ಬಂದ್ನೋ" ಎಂದು ಕೂಗಿದ್ದನೇ? ಕೂಗದಿದ್ದರೆ ಅದೂ ಆ ತಪ್ಪಿನ ಪಾಲೇ. ಚೆಂಡು ಕಳೆದುಕೊಂಡವನೊಬ್ಬನನ್ನೇ ಬೈದರೆ ಉಳಿದ ಇಬ್ಬರು ಏನನ್ನೂ ಕಲಿಯದೆ ಮನೆಗೆ ಹೋಗುತ್ತಾರೆ.

ಮೂರ್ನಾಲ್ಕು ಪಂದ್ಯಗಳ ಹಾಳೆಗಳನ್ನು ಒಟ್ಟಿಗೆ ಹರಡಿ ನೋಡಿ. ವೃತ್ತ ಎಳೆದ ಗುರುತುಗಳು ಒಂದೆರಡು ಜಾಗಗಳಲ್ಲಿ ಗುಂಪಾಗಿರುವುದು ನಿಮಗೆ ಕಾಣಿಸುತ್ತದೆ. ಆ ತಿಂಗಳು ಅದನ್ನಷ್ಟೇ ಹಿಡಿಯಿರಿ, ಉಳಿದದ್ದು ಕಣ್ಣಿಗೆ ಬಿದ್ದರೂ ಸುಮ್ಮನಿರಿ. ಅಭ್ಯಾಸಕ್ಕೆ ಸಿಗುವುದು ದಿನಕ್ಕೆ ಒಂದು, ಒಂದೂವರೆ ತಾಸು. ಅದರಲ್ಲಿ ಹತ್ತು ವಿಷಯ ತುರುಕಿದರೆ ಒಂದೂ ಉಳಿಯುವುದಿಲ್ಲ. ಚೌಕದೊಳಗೆ ನಾಲ್ವರು ಚೆಂಡು ಆಡಿಸುವುದು, ಇಬ್ಬರು ಕಸಿಯುವುದು ಎಲ್ಲ ತಂಡಗಳೂ ಮಾಡುವ ಅಭ್ಯಾಸವೇ. ಅದಕ್ಕೆ ನಿಮ್ಮ ತಪ್ಪಿಗೆ ತಕ್ಕ ಒಂದು ಷರತ್ತು ಸೇರಿಸಿ: ಚೆಂಡು ಬರುವ ಮುನ್ನ ಹೆಗಲ ಮೇಲಿಂದ ನೋಡದವನು ಕಸಿಯುವವನಾಗಬೇಕು, ಇಷ್ಟೇ.

1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಭಾರತಕ್ಕೆ ಚಿನ್ನ ತಂದುಕೊಟ್ಟ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನದವರೆಗೆ ತಂಡವನ್ನು ಕೊಂಡೊಯ್ದ ಹೈದರಾಬಾದಿನ ಫುಟ್ಬಾಲ್ ತರಬೇತುದಾರ ಸೈಯದ್ ಅಬ್ದುಲ್ ರಹೀಮ್ ಶಾಲಾ ಶಿಕ್ಷಕರಾಗಿದ್ದವರು. ಡ್ರಿಬ್ಲಿಂಗ್ (ಚೆಂಡನ್ನು ಕಾಲಲ್ಲೇ ಆಡಿಸುತ್ತ ಮುಂದೆ ಸಾಗುವುದು) ಮಾಡಬಾರದೆಂಬ ನಿಯಮದ ಪಂದ್ಯಗಳನ್ನು, ಒಗ್ಗದ ಕಾಲಿನಿಂದಲೇ ಆಡಬೇಕೆಂಬ ಪಂದ್ಯಗಳನ್ನು ಅವರು ಏರ್ಪಡಿಸುತ್ತಿದ್ದರು. ನಮ್ಮ ಕಾಲೇಜು ಮಟ್ಟದಲ್ಲಿ ಹಿಂದಿನ ಸಾಲಿನ ಅರ್ಧಕ್ಕರ್ಧ ತೊಂದರೆ ಒಂದೇ ಕಾಲಿನ ಆಟದಿಂದ ಬಂದದ್ದು. ಎಡಗಾಲಿಗೆ ಬಂದ ಚೆಂಡನ್ನು ಬಲಗಾಲಿಗೆ ತಂದುಕೊಳ್ಳಲು ತಗಲುವ ಆ ಒಂದು ಕ್ಷಣದಲ್ಲೇ ಎದುರಾಳಿ ಮೈಮೇಲೆ ಬಂದಿರುತ್ತಾನೆ. ವಾರಕ್ಕೊಮ್ಮೆ ಎಡಗಾಲಿನ ಪಂದ್ಯ ಆಡಿಸಿ ನೋಡಿ, ದಸರೆಯ ಹೊತ್ತಿಗೆ ನಿಮಗೇ ವ್ಯತ್ಯಾಸ ತಿಳಿಯುತ್ತದೆ.

ನೆಲದ ವಿಷಯ ಮರೆಯಬೇಡಿ. ಹುಬ್ಬಳ್ಳಿಯಿಂದ ನವಲಗುಂದ, ಗದಗಿನ ಕಡೆಗೆ ಹೋದರೆ ಎರೆಭೂಮಿ. ಧಾರವಾಡದಿಂದ ಕಲಘಟಗಿ, ಅಳ್ನಾವರದ ಕಡೆಗೆ ಹೆಚ್ಚಾಗಿ ಕೆಂಪು ಮಣ್ಣು. ಎರೆಮಣ್ಣಿನ ಮೈದಾನ ಮಳೆಯಲ್ಲಿ ಉಬ್ಬಿ ಬೂಟಿಗೆ ಮೆತ್ತಿಕೊಳ್ಳುತ್ತದೆ, ಚೆಂಡು ಉರುಳದೆ ನಿಲ್ಲುತ್ತದೆ. ಬೇಸಿಗೆಗೆ ಅದೇ ನೆಲ ಬಿರುಕುಬಿಟ್ಟು, ಚೆಂಡು ಯಾವ ಕಡೆ ಪುಟಿಯುತ್ತದೆಂದು ಹೇಳಲು ಬರುವುದಿಲ್ಲ. ಕೆಂಪು ಮಣ್ಣಿನಲ್ಲಿ ಕಲಿತ ಪಾಸಿನ ವೇಗ ಎರೆನೆಲದಲ್ಲಿ ಸಾಲದು. ಬೇರೆ ಊರಿಗೆ ಆಡಲು ಹೋದಾಗ ಅರ್ಧ ತಾಸು ಮೊದಲೇ ಮೈದಾನಕ್ಕಿಳಿದು, ಎರಡೂ ಬಾಕ್ಸ್‌ಗಳ ಮುಂದೆ ನೆಲದ ಪಾಸ್ ಆಡಿ ಚೆಂಡು ಎಷ್ಟು ಓಡುತ್ತದೆಂದು ನೋಡಿಕೊಳ್ಳಿ.

ಉತ್ತರ: ರೆಫರಿ, ಗದಗ

ಹಿರಿಯರು ಆಟದ ಮಾತು ಹೇಳಿದ್ದಾರೆ, ನಾನು ನಿಯಮದ ಮಾತಿಗೆ ಸೀಮಿತನಾಗುತ್ತೇನೆ. ಕಾಲೇಜು ಪಂದ್ಯಗಳಲ್ಲಿ ಯಾವ ಕೌಶಲವೂ ಇಲ್ಲದೆ, ಕೇವಲ ತಿಳಿವಳಿಕೆಯಿಂದ ಇಲ್ಲವಾಗಿಸಬಹುದಾದ ತಪ್ಪುಗಳೇ ಸಾಕಷ್ಟಿವೆ. ಅವುಗಳನ್ನು ಜೂನ್ ತಿಂಗಳಲ್ಲೇ ಮುಗಿಸಿಬಿಡಬೇಕು.

ಥ್ರೋ-ಇನ್ ಎಸೆಯುವಾಗ ಎರಡೂ ಪಾದಗಳ ಸ್ವಲ್ಪ ಭಾಗವಾದರೂ ಗೆರೆಯ ಮೇಲೆ ಅಥವಾ ಗೆರೆಯ ಹೊರಗೆ ನೆಲಕ್ಕೆ ತಾಗಿರಬೇಕು, ಎರಡೂ ಕೈಗಳಿಂದ ತಲೆಯ ಹಿಂದಿನಿಂದ ತಲೆಯ ಮೇಲೆ ಹಾಯಿಸಿ ಎಸೆಯಬೇಕು. ನಮ್ಮ ಹುಡುಗರು ದೂರ ಎಸೆಯುವ ಹುರುಪಿನಲ್ಲಿ ಹಿಂದಿನ ಕಾಲನ್ನು ಎತ್ತಿಬಿಡುತ್ತಾರೆ. ಹಿಂದಿನ ಪಾದದ ಹೆಬ್ಬೆರಳನ್ನು ನೆಲದ ಮೇಲೆ ಎಳೆಯುತ್ತ ಎಸೆಯಲು ಕಲಿಸಿದರೆ ಈ ತಪ್ಪು ಮಾಯವಾಗುತ್ತದೆ. ಥ್ರೋ-ಇನ್, ಕಾರ್ನರ್, ಗೋಲ್ ಕಿಕ್ ಈ ಮೂರರಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ (ತನ್ನ ತಂಡದವನು ಚೆಂಡು ಕೊಡುವಾಗ ಎದುರಾಳಿಯ ಹಿಂದಿನ ಸಾಲನ್ನೂ ದಾಟಿ ಮುಂದೆ ನಿಂತಿರುವ ತಪ್ಪು) ಇಲ್ಲ. ಇದನ್ನು ಮರೆತ ಡಿಫೆಂಡರ್‌ಗಳು ಎದುರಾಳಿಯ ಥ್ರೋ-ಇನ್ ವೇಳೆ ಮುಂದೆ ಬಂದು ಕೈ ಎತ್ತಿ ನಿಲ್ಲುವುದನ್ನೂ, ಅವರ ಹಿಂದೆ ಸ್ಟ್ರೈಕರ್ ಒಬ್ಬನೇ ಗೋಲಿನತ್ತ ಹೋಗುವುದನ್ನೂ ನಾನು ಮೈದಾನದಲ್ಲಿ ಕಂಡಿದ್ದೇನೆ.

ಗೋಲ್‌ಕೀಪರ್‌ಗೆ ಸಂಬಂಧಿಸಿದ ನಿಯಮಗಳನ್ನು ಅವನೊಬ್ಬನಿಗಲ್ಲ, ಇಡೀ ತಂಡಕ್ಕೆ ಹೇಳಿಕೊಡಬೇಕು. ತನ್ನ ತಂಡದವನು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಅವನು ಕೈಯಲ್ಲಿ ಹಿಡಿಯಬಾರದೆಂಬ ನಿಯಮ 1992ರಿಂದ ಇದೆ, ಅದು ಎಲ್ಲರಿಗೂ ಗೊತ್ತು. ತನ್ನ ತಂಡದವನ ಥ್ರೋ-ಇನ್‌ನಿಂದ ನೇರವಾಗಿ ಬಂದ ಚೆಂಡನ್ನೂ ಹಿಡಿಯಬಾರದು ಎಂಬುದು ಹಲವರಿಗೆ ಗೊತ್ತಿಲ್ಲ. ಹಿಡಿದರೆ ಎದುರಾಳಿಗೆ ಇನ್‌ಡೈರೆಕ್ಟ್ ಫ್ರೀ ಕಿಕ್ (ಇನ್ನೊಬ್ಬ ಆಟಗಾರನಿಗೆ ತಾಗದೆ ನೇರವಾಗಿ ಗೋಲಾಗದ ಒದೆತ) ಸಿಗುತ್ತದೆ. 2025–26ರ ನಿಯಮಾವಳಿಯಿಂದ, ಗೋಲ್‌ಕೀಪರ್ ಚೆಂಡನ್ನು ಕೈಯಲ್ಲಿ 8 ಸೆಕೆಂಡಿಗಿಂತ ಹೆಚ್ಚು ಇಟ್ಟುಕೊಂಡರೆ ಎದುರಾಳಿಗೆ ಕಾರ್ನರ್ ಕೊಡಲಾಗುತ್ತದೆ. ಕೊನೆಯ 5 ಸೆಕೆಂಡುಗಳನ್ನು ರೆಫರಿ ಕೈ ಎತ್ತಿ ಬೆರಳುಗಳಿಂದ ತೋರಿಸುತ್ತಾರೆ. ಮುನ್ನಡೆಯಲ್ಲಿರುವಾಗ ಚೆಂಡು ತಬ್ಬಿಕೊಂಡು ಮಲಗುವ ಅಭ್ಯಾಸವಿದ್ದರೆ ಇಂದೇ ಬಿಡಿಸಿ.

2019ರಿಂದ ಗೋಲ್ ಕಿಕ್ ಬಾಕ್ಸ್‌ನಿಂದ ಹೊರಗೆ ಬರುವವರೆಗೆ ಕಾಯಬೇಕಾಗಿಲ್ಲ. ಚೆಂಡು ಒದೆತಕ್ಕೆ ಸ್ಪಷ್ಟವಾಗಿ ಕದಲಿದರೆ ಆಟ ಆರಂಭವಾಯಿತು. ದೊಡ್ಡ ತಂಡಗಳು ಇದನ್ನು ಬಳಸಿಕೊಂಡು ಬಾಕ್ಸ್‌ನೊಳಗಿನಿಂದಲೇ ಸಣ್ಣ ಪಾಸ್ ಆಡುವುದನ್ನು ನಿಮ್ಮ ಹುಡುಗರು ಟಿವಿಯಲ್ಲಿ ನೋಡಿರುತ್ತಾರೆ. ಆದರೆ ಆ ಕಿಕ್ ನಡೆದ ಕ್ಷಣದಿಂದ ಎದುರಾಳಿಯೂ ಒಳಗೆ ನುಗ್ಗಬಹುದು ಎಂಬುದು ಅವರಿಗೆ ತಿಳಿದಿರಬೇಕು.

ಇನ್ನು ಹಳದಿ ಕಾರ್ಡ್. ನಾನು ತೋರಿಸುವ ಕಾರ್ಡ್‌ಗಳಲ್ಲಿ ಒರಟಾದ ಟ್ಯಾಕಲ್‌ಗೆ ಎಷ್ಟೋ, ರೆಫರಿಯೊಂದಿಗೆ ವಾದಕ್ಕೆ ನಿಂತದ್ದಕ್ಕೂ ಫ್ರೀ ಕಿಕ್ ಸಿಕ್ಕವರ ಚೆಂಡನ್ನು ದೂರ ಒದ್ದದ್ದಕ್ಕೂ ಅಷ್ಟೇ. ಒಬ್ಬನಿಗೇ ಎರಡನೆಯ ಹಳದಿ ಬಂದರೆ ಅವನು ಹೊರಹೋಗಿ ಹತ್ತು ಜನರ ತಂಡವಾಗುತ್ತದೆ. ರೆಫರಿಯೊಂದಿಗೆ ನಾಯಕನೊಬ್ಬನೇ ಮಾತನಾಡಬೇಕೆಂದು ತಂಡದೊಳಗೆ ಕಟ್ಟುನಿಟ್ಟು ಮಾಡಿಕೊಳ್ಳಿ.

ಮತ್ತೆ ಪ್ರಶ್ನೆ ಕೇಳಿದವರು: ತಂಡದ ನಾಯಕ, ಧಾರವಾಡ

ಇಬ್ಬರು ಗುರುಗಳಿಗೂ ಕೃತಜ್ಞತೆಗಳು. ನಮ್ಮ ಇತ್ತೀಚಿನ ಪಂದ್ಯದ ವಿಡಿಯೊವನ್ನು ಸ್ನೇಹಿತನೊಬ್ಬ ಮೊಬೈಲ್‌ನಲ್ಲಿ ತೆಗೆದಿದ್ದ. ಅದನ್ನು ನೋಡುತ್ತ ಹಾಳೆಯ ಮೇಲೆ ಗುರುತು ಹಾಕಿದೆವು. ವೃತ್ತ ಎಳೆದ ಗುರುತುಗಳು ಬಲಬದಿಯಲ್ಲಿ ಸೇರಿಕೊಂಡಿವೆ ಎಂಬುದು ನಿರೀಕ್ಷಿಸಿದ್ದೇ. ನಿರೀಕ್ಷಿಸದೇ ಇದ್ದದ್ದು ನಿಮಿಷಗಳ ಲೆಕ್ಕ: ಅವುಗಳಲ್ಲಿ ಬಹುಪಾಲು ಕೊನೆಯ ಕಾಲು ತಾಸಿನವು. ಕಾರ್ನರ್‌ನಲ್ಲಿ ಗೊಂದಲವಾಗುವುದೂ ಆಗಲೇ. ಇದನ್ನು ಓಡುವ ಶಕ್ತಿಯ ಕೊರತೆ ಎಂದು ತಿಳಿದು ಬರೀ ಓಡಿಸುವುದೇ ಪರಿಹಾರವೇ? ನಮ್ಮಲ್ಲಿ ಅರ್ಧದಷ್ಟು ಹುಡುಗರು ಹಳ್ಳಿಗಳಿಂದ ಬಸ್ ಪಾಸ್ ಮೇಲೆ ಬರುವವರು, ಸಂಜೆ ಬಸ್ ತಪ್ಪಿದರೆ ಮನೆ ಸೇರುವುದು ಕಷ್ಟ. ಹೆಚ್ಚುವರಿ ಸಮಯ ಕೇಳುವ ಸ್ಥಿತಿಯಲ್ಲಿ ನಾನಿಲ್ಲ.

ಉತ್ತರ: ಮಾಜಿ ಗೋಲ್‌ಕೀಪರ್, ಹಾವೇರಿ

ನಾನು ಈಗ ಹಾವೇರಿಯಲ್ಲಿ ಕಾಲೇಜು ವಿದ್ಯಾರ್ಥಿನಿಯರ ತಂಡಕ್ಕೆ ತರಬೇತಿ ಕೊಡುತ್ತಿರುವವಳು. ಬಸ್ಸಿನ ತೊಂದರೆ ನಮ್ಮ ಹುಡುಗಿಯರಿಗೆ ಇನ್ನೂ ಹೆಚ್ಚು, ಆದ್ದರಿಂದ ಸಮಯ ಹೆಚ್ಚಿಸದೆ ಅಭ್ಯಾಸದ ಕ್ರಮ ಬದಲಿಸುವುದನ್ನು ನಾವು ಅನಿವಾರ್ಯವಾಗಿ ಕಂಡುಕೊಂಡೆವು.

ಸಾಮಾನ್ಯವಾಗಿ ಎಲ್ಲರೂ ಕಾರ್ನರ್, ಫ್ರೀ ಕಿಕ್ ಅಭ್ಯಾಸವನ್ನು ಮೈ ಹಗುರವಾಗಿರುವಾಗ, ಆರಂಭದಲ್ಲೇ ಮಾಡುತ್ತಾರೆ. ಪಂದ್ಯದಲ್ಲಿ ನಿಮ್ಮನ್ನು ಸೋಲಿಸುವ ಕಾರ್ನರ್ ಬರುವುದು ಕಾಲು ಸೋತ ಮೇಲೆ. ಆದ್ದರಿಂದ ಅಭ್ಯಾಸದ ಕೊನೆಯ ಹತ್ತು ನಿಮಿಷಗಳನ್ನು ಇದಕ್ಕೆ ಮೀಸಲಿಡಿ. ಓಟ ಮುಗಿಸಿ ಏದುಸಿರು ಬಿಡುತ್ತಿರುವಾಗಲೇ ಕಾರ್ನರ್ ಹೊಡೆಸಿ. ದಣಿದವರ ಕಾಲಿಗಿಂತ ಮೊದಲು ಸೋಲುವುದು ಬಾಯಿ. ಅವರು ಕೂಗುವುದನ್ನು ನಿಲ್ಲಿಸುತ್ತಾರೆ, ಕಣ್ಣು ಚೆಂಡಿನ ಮೇಲಷ್ಟೇ ಇರುತ್ತದೆ, ಪಕ್ಕದಲ್ಲಿದ್ದ ಎದುರಾಳಿ ಎರಡು ಹೆಜ್ಜೆ ಸರಿದದ್ದು ಗೊತ್ತಾಗುವುದಿಲ್ಲ. ನೀವು ಶಕ್ತಿಯ ಕೊರತೆ ಎನ್ನುತ್ತಿರುವುದರಲ್ಲಿ ದೊಡ್ಡ ಪಾಲು ಇದೇ ಇರಬಹುದು.

ಕಾರ್ನರ್ ಕಾಯುವುದಕ್ಕೆ ಕಾಲೇಜು ಮಟ್ಟದಲ್ಲಿ ಸರಳ ವ್ಯವಸ್ಥೆಯೇ ಒಳ್ಳೆಯದು. ಗೋಲಿನ ಅಗಲ 7.32 ಮೀಟರ್, ಅದರ ಮುಂದಿನ ಚಿಕ್ಕ ಚೌಕದ ಆಳ 5.5 ಮೀಟರ್. ಈ ಚೌಕದ ಮುಂಚೂಣಿಯಲ್ಲಿ ಎತ್ತರದ ಮೂವರನ್ನು ನಿಲ್ಲಿಸಿ, ಅವರಿಗೆ ಜಾಗವೇ ಜವಾಬ್ದಾರಿ, ತಮ್ಮ ಮುಂದೆ ಬಂದ ಚೆಂಡು ಅವರದು. ಹತ್ತಿರದ ಕಂಬದ ಮುಂದೆ ಒಬ್ಬ. ಉಳಿದವರಲ್ಲಿ ಮೂವರು, ತಲೆಯಿಂದ ಚೆಂಡು ಚೆನ್ನಾಗಿ ಹೊಡೆಯುವ ಎದುರಾಳಿಗಳನ್ನು ಒಬ್ಬರಿಗೊಬ್ಬರಂತೆ ಹಿಡಿಯಲಿ. ಯಾರು ಯಾರನ್ನು ಹಿಡಿಯಬೇಕೆಂಬುದನ್ನು ಜರ್ಸಿಯ ಸಂಖ್ಯೆ ಹೇಳಿ ಜೋರಾಗಿ ಕೂಗುವುದು ಗೋಲ್‌ಕೀಪರ್‌ನ ಕೆಲಸ, ಚೆಂಡನ್ನು ಮೂಲೆಯಲ್ಲಿ ಇಡುವುದರೊಳಗೆ ಅದು ಮುಗಿದಿರಬೇಕು.

ಗೋಲ್‌ಕೀಪರ್ ಹೊರಗೆ ಬಂದು ಚೆಂಡು ಹಿಡಿಯುವಾಗ ಕೂಗಬೇಕಾದದ್ದು ಒಂದೇ ಪದ, "ನಂದು". ಹೊರಗೆ ಬರದಿದ್ದರೆ "ಹೊಡಿ". ಈ ಎರಡರ ನಡುವೆ ಮೂರನೆಯದಿಲ್ಲ, "ನೋಡು ನೋಡು" ಎಂದು ಕೂಗುವುದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಹೇಳಲು ಇದು ಸಣ್ಣ ಮಾತು. ಆದರೆ ಹದಿನೆಂಟರ ಹರೆಯದ ಹುಡುಗಿ ತನಗಿಂತ ಎರಡು ವರ್ಷ ಹಿರಿಯರಾದ "ಅಕ್ಕ"ಂದಿರಿಗೆ ಮೈದಾನದಲ್ಲಿ ಏಕವಚನದಲ್ಲಿ ಕೂಗಿ ಹೇಳಲು ಹಿಂಜರಿಯುತ್ತಾಳೆ, ಆ ಹಿಂಜರಿಕೆಯಲ್ಲೇ ಗೋಲು ಹೋಗುತ್ತದೆ. ಹಿರಿಯ ಆಟಗಾರರು ತಾವಾಗಿಯೇ ಕರೆದು, "ಮೈದಾನದಾಗ ನೀ ಹೇಳಿದ್ದ ನಾವು ಕೇಳೋದು" ಎಂದು ಆಕೆಗೆ ಅಧಿಕಾರ ಕೊಡಬೇಕು. ನಿಮ್ಮ ತಂಡದಲ್ಲಿ ಗೋಲ್‌ಕೀಪರ್ ಮೊದಲ ವರ್ಷದವನಾಗಿದ್ದರೆ ನಾಯಕರಾಗಿ ಇದನ್ನು ನೀವೇ ಮಾಡಿ, ಎಲ್ಲರ ಎದುರಿಗೆ ಮಾಡಿ.

ಕೊನೆಯ ಕಾಲು ತಾಸಿನ ಬಗ್ಗೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ಬೆಳಿಗ್ಗೆ ಬಸ್ ಹಿಡಿಯುವ ಅವಸರದಲ್ಲಿ ಏನೂ ತಿನ್ನದೆ ಬಂದವರು ಎಷ್ಟು ಜನ? ಪಂದ್ಯಕ್ಕೆ ಎರಡು ಮೂರು ತಾಸು ಮೊದಲು ಉಪ್ಪಿಟ್ಟೋ ಅವಲಕ್ಕಿಯೋ ಬಾಳೆಹಣ್ಣೋ ಹೊಟ್ಟೆಗೆ ಬಿದ್ದಿರುವಂತೆ, ವಿರಾಮದಲ್ಲಿ ನೀರು ಕುಡಿಯುವಂತೆ ನೋಡಿಕೊಂಡರೆ ಅರ್ಧ ಓಟದ ಅಭ್ಯಾಸಕ್ಕೆ ಅದು ಸಮ.

ಉತ್ತರ: ಕ್ಲಬ್ ಆಟಗಾರ, ಹುಬ್ಬಳ್ಳಿ

ಮೇಲಿನ ಸಲಹೆಗಳನ್ನು ಗೌರವದಿಂದ ಓದಿದೆ. ಆದರೆ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಜುಲೈ, ಆಗಸ್ಟ್‌ನ ಕೆಸರಿನಲ್ಲಿ ಹಿಂದಿನಿಂದ ಸಣ್ಣ ಪಾಸ್ ಆಡಿ ಕಟ್ಟಿಕೊಂಡು ಬರಬೇಕೆಂಬ ಹಟ ಬೇಡ. ಚೆಂಡು ಉರುಳದ ನೆಲದಲ್ಲಿ ಉದ್ದ ಒದೆಯುವುದು ಹೇಡಿತನವಲ್ಲ. ನಾಯಕರು ಹೇಳಿದ "ತಲೆ ಎತ್ತದೆ ಒದೆಯುವುದು" ಮತ್ತು ಒಬ್ಬನನ್ನು ಗುರಿಯಾಗಿಟ್ಟು ಒದೆಯುವುದು ಎರಡೂ ಬೇರೆ ಬೇರೆ. ಉದ್ದ ಚೆಂಡು ಯಾವ ಬದಿಗೆ ಬೀಳಬೇಕು, ಅಲ್ಲಿ ಹೆಡ್ ಮಾಡುವವನು ಯಾರು, ಅವನ ತಲೆಯಿಂದ ಬಿದ್ದ ಚೆಂಡನ್ನು ಹೆಕ್ಕಲು ಹತ್ತಿರ ಇರುವ ಇಬ್ಬರು ಯಾರು ಎಂಬುದು ಮೊದಲೇ ಗೊತ್ತಿದ್ದರೆ ಅದೂ ಒಂದು ಪಾಸೇ.

ಇನ್ನೊಂದು, ಹಿಂದಿನ ನಾಲ್ವರನ್ನೂ ಗೋಲ್‌ಕೀಪರ್‌ನನ್ನೂ ಪಂದ್ಯದಿಂದ ಪಂದ್ಯಕ್ಕೆ ಬದಲಿಸಬೇಡಿ. ಸೋತ ಕೂಡಲೇ ಡಿಫೆಂಡರ್‌ನನ್ನು ಕೂರಿಸಿ ಬೇರೊಬ್ಬನನ್ನು ಇಳಿಸುವುದು ನಮ್ಮ ಕಾಲೇಜುಗಳಲ್ಲಿ ಬಹಳ. ಆಫ್‌ಸೈಡ್ ಗೆರೆಯನ್ನು ಒಟ್ಟಿಗೆ ಹಿಡಿಯುವುದು, ಒಬ್ಬ ಮುಂದೆ ಹೋದರೆ ಇನ್ನೊಬ್ಬ ಹಿಂದೆ ಆವರಿಸುವುದು, ಇವೆಲ್ಲ ಒಬ್ಬರನ್ನೊಬ್ಬರು ಅರಿತ ಮೇಲೆ ಬರುವಂಥವು. ಇಂಟರ್ನಲ್ ಪರೀಕ್ಷೆಯ ವಾರದಲ್ಲಿ ಇಡೀ ತಂಡ ಸೇರಲಾಗದಿದ್ದರೂ ಈ ಐವರು ಮಾತ್ರ ಅರ್ಧ ತಾಸು ಸೇರಿದರೆ ಸಾಕು.

ಮತ್ತೆ: ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕ, ಹುಬ್ಬಳ್ಳಿ

ಉದ್ದ ಚೆಂಡಿನ ಮಾತನ್ನು ಒಪ್ಪುತ್ತೇನೆ, ಗುರಿ ಇದ್ದರೆ ಸರಿ. ಹಾವೇರಿಯ ತರಬೇತುದಾರರು ಹೇಳಿದ "ನಂದು", "ಹೊಡಿ" ಎಂಬ ಎರಡು ಪದಗಳನ್ನು ನಾಳೆಯಿಂದಲೇ ರೂಢಿಸಿಕೊಳ್ಳಿ.

ನಾಯಕರಿಗೆ ಒಂದು ಎಚ್ಚರಿಕೆ ಉಳಿದಿದೆ. ಕ್ಲಬ್ ತಂಡಗಳಂತಹ ಗಟ್ಟಿ ಎದುರಾಳಿಗಳೊಂದಿಗೆ ಆಡಿದಂತೆ ಹಾಳೆಯ ಮೇಲಿನ ಗುರುತುಗಳು ಹೆಚ್ಚಾಗಬಹುದು. ಆಗ ಗಾಬರಿಯಾಗಿ ಮೆತ್ತಗಿನ ಎದುರಾಳಿಯನ್ನು ಹುಡುಕಬೇಡಿ. ಒಟ್ಟು ಗುರುತುಗಳನ್ನು ಎಣಿಸುವ ಬದಲು ವೃತ್ತಗಳನ್ನು ಎಣಿಸಿ, ಅವು ನಿಮ್ಮ ಗೋಲಿನಿಂದ ದೂರ ಸರಿಯುತ್ತಿವೆಯೇ ಎಂದು ನೋಡಿ. ಚೆಂಡು ಹೋದ ಮೇಲೆ ಮೊದಲ ನಾಲ್ಕೈದು ಸೆಕೆಂಡುಗಳಲ್ಲಿ ಹತ್ತಿರವಿದ್ದ ಇಬ್ಬರು ಓಡಿ ಮೇಲೆ ಬೀಳುತ್ತಿದ್ದಾರೆಯೇ ಎಂಬುದನ್ನೂ ಬೆಂಚಿನ ಹುಡುಗ ಬರೆದುಕೊಳ್ಳಲಿ. ಹಾಳೆಗಳನ್ನು ಎಸೆಯದೆ ಕಾಲೇಜಿನ ಕ್ರೀಡಾ ವಿಭಾಗದ ಕಪಾಟಿನಲ್ಲಿ ದಿನಾಂಕ ಹಾಕಿ ಇಡಿ. ಕೊನೆಯ ವರ್ಷದವರು ಹೋದ ಮೇಲೆ ಬರುವ ನಾಯಕನು ಜೂನ್‌ನಲ್ಲಿ ಮತ್ತೆ ಮೊದಲಿನಿಂದ ಹುಡುಕಬೇಕಾಗುವುದಿಲ್ಲ.